ಪಾಂಡವರ ಮನೆಯಲ್ಲಿ ಸಿಕ್ಕ ಕಾಫಿ

ಜಾವಳಿಯಿಂದ ನಾಲ್ಕು ಕಿಲೋಮೀಟರ್ ಮೇಲೆ, ಶಶಿಧರನ ತೋಟದ ತುದಿಯಲ್ಲಿರುವ ಕಲ್ಲಿನ ಗೂಡಿಗೆ ಊರಿನವರು ಪಾಂಡವರ ಮನೆ ಎನ್ನುತ್ತಾರೆ. ಪಾಂಡವರು ಅಲ್ಲಿ ವಾಸವಿದ್ದಿರಲಾರರು. ಒಳಗಿನ ಎತ್ತರ ಮೂರೂವರೆ ಅಡಿ. ಭೀಮನ ಮಾತಿರಲಿ, ಸಹದೇವನೂ ಅಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಭುಜದವರೆಗೆ ಕೈ ಹಾಕಬಹುದು, ತಲೆ ತೂರುವುದಿಲ್ಲ.

ಅದು ಮನೆಯಲ್ಲ, ಗೋರಿ. ಎರಡೂವರೆಯಿಂದ ಮೂರು ಸಾವಿರ ವರ್ಷಗಳ ಹಿಂದೆ, ಕಬ್ಬಿಣ ಕಾಯಿಸುವುದನ್ನು ಕಲಿತು, ದನ ಸಾಕಿಕೊಂಡು, ಅಲ್ಲಲ್ಲಿ ಊರು ಕಟ್ಟತೊಡಗಿದ್ದ ಜನ ತಮ್ಮಲ್ಲಿ ದೊಡ್ಡವನೆನಿಸಿಕೊಂಡವನ ಎಲುಬುಗಳನ್ನು ಇಟ್ಟು ಮುಚ್ಚಿದ ಜಾಗ. ಅಂಥವು ಮೂಡಿಗೆರೆ ಮತ್ತು ಚಿಕ್ಕಮಗಳೂರು ತಾಲ್ಲೂಕುಗಳಲ್ಲಿ ಹನ್ನೊಂದಿವೆ ಎಂಬ ಲೆಕ್ಕ ಇದ್ದದ್ದು ದಿವ್ಯಾಳ ನೋಟ್‌ಬುಕ್ಕಿನಲ್ಲಿ ಮಾತ್ರ.

ದಿವ್ಯಾ ಮೂಡಿಗೆರೆಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಸರ್ಕಾರ ಬಿಟ್ಟರೆ ಇನ್ಯಾರೂ ಸಹಿಸುವುದಿಲ್ಲ. ಕೊಟ್ಟಿಗೆಹಾರದಲ್ಲಿ ಅವಳ ಅಪ್ಪನದೊಂದು ಹೋಟೆಲು. ರಜಾದಿನಗಳಲ್ಲಿ ಅಪ್ಪನ ಸ್ಕೂಟರ್ ತೆಗೆದುಕೊಂಡು ತೋಟ ತೋಟ ಸುತ್ತಿ ಅವಳು ಆ ಹನ್ನೊಂದನ್ನೂ ಟೇಪು ಹಿಡಿದು ಅಳೆದಿದ್ದಳು. ಅವನ್ನು ಸಂರಕ್ಷಿಸಬೇಕೆಂದು ಇಲಾಖೆಗೆ ಎರಡು ಪತ್ರ ಬರೆದಿದ್ದಳು. ಒಂದಕ್ಕೆ ಉತ್ತರ ಬಂದಿತ್ತು: ಪರಿಶೀಲಿಸಲಾಗುವುದು.

ಜನವರಿಯ ಕೊನೆಯ ಶನಿವಾರ ರವಿ ಫೋನ್ ಮಾಡಿದ. ಅವನು ಅವಳ ಹಳೆಯ ವಿದ್ಯಾರ್ಥಿ, ಈಗ ಶಶಿಧರನ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು ಅವನ ಕೆಲಸ.

"ಮೇಡಂ, ನಮ್ ಗೌಡ್ರು ನಿಮ್ ಪಾಂಡವ್ರ ಮನೆ ಕೀಳಿಸ್ತಿದಾರೆ. ಮಂಗಳವಾರಕ್ಕೆ ಜೆಸಿಬಿ ಹೇಳಿದಾರೆ."

"ಯಾಕಂತೆ?"

"ಹೋಮ್‌ಸ್ಟೇಗೆ. ಮೇಲಿನ ಚಪ್ಪಡಿನ ರಿಸೆಪ್ಶನ್ ಟೇಬಲ್ ಮಾಡ್ತಾರಂತೆ. ಇಂಟೀರಿಯರ್ ಮಾಡೋರು ಫೋಟೋ ನೋಡಿ ತುಂಬ ಎಥ್ನಿಕ್ ಅಂದ್ರಂತೆ."

ಅವಳು ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ಕೆಲಸ ಆಗಿತ್ತು. ಒಳಗೆ ಕಡಜದ ಗೂಡಿದ್ದುದರಿಂದ ಆಳುಗಳು ಕಿಂಡಿಯಿಂದ ಒಣ ದರಗೆಲೆ ತುರುಕಿ ಬೆಂಕಿ ಹಾಕಿದ್ದರು. ಕಡಜ ಹೋಗಿ, ಹೊಗೆ ಆರಿದ ಮೇಲೆ ಒಬ್ಬ ತೆಂಗಿನ ಚಿಪ್ಪಿನಿಂದ ಬೂದಿಯನ್ನೂ ಮಣ್ಣನ್ನೂ ಗೋರಿ ಗೋರಿ ಬುಟ್ಟಿಗೆ ಸುರಿಯುತ್ತಿದ್ದ. ಶಶಿಧರ ಕೊಡೆಯ ಮೇಲೆ ಭಾರ ಹಾಕಿ ನಿಂತಿದ್ದ.

"ಬಾ ದಿವ್ಯಾ. ಹೆಣ ಹೂತು ಮೂರು ಸಾವಿರ ವರ್ಷ ಆದ್ಮೇಲೆ ತಿಥಿಗೆ ಬಂದೋಳು ನೀನೊಬ್ಳೇ ಮಾರಾಯ್ತಿ."

"ಶಶಿಯಣ್ಣ, ನಿಮ್ಮ ಅಜ್ಜನ ಸಮಾಧಿ ಕಲ್ಲು ತೆಗೆದು ಟೇಬಲ್ ಮಾಡ್ತೀರಾ?"

"ಅಜ್ಜನದು ಸಿಮೆಂಟಿಂದು. ಮಾಡಿದ್ರೂ ಯಾರೂ ಎಥ್ನಿಕ್ ಅನ್ನಲ್ಲ."

ಅಷ್ಟರಲ್ಲಿ ಅವಳ ಕಣ್ಣಿಗೆ ಬುಟ್ಟಿ ಬಿತ್ತು. ಬೂದಿಯಲ್ಲಿ ಮಡಕೆಯ ಚೂರುಗಳಿದ್ದವು. ಹೊರಗೆ ಕೆಂಪು, ಒಳಗೆ ಕಪ್ಪು, ಅಂಚು ಗಾಜಿನ ಹಾಗೆ ನುಣುಪು. ಪುಸ್ತಕದಲ್ಲಿ ಮಾತ್ರ ಕಂಡಿದ್ದನ್ನು ಅವಳು ಮೊದಲ ಸಲ ಕೈಯಲ್ಲಿ ಹಿಡಿದಳು. ಅದೇ ಬುಟ್ಟಿಗೆ ಕೈ ಹಾಕಿ ಶಶಿಧರ ಇನ್ನೇನನ್ನೋ ಎತ್ತಿಕೊಂಡ. ಅವನು ನಲವತ್ತು ವರ್ಷದಿಂದ ಕಾಫಿ ನೋಡಿದವನು. ಅವಳು ಮಡಕೆ ಓದಿದವಳು. ಇಬ್ಬರಿಗೂ ತಮ್ಮದು ಮಾತ್ರ ಕಂಡಿತು.

"ಇದೂ ಆ ಕಾಲದ್ದಾ?" ಅಂದ.

ಅವಳು ತಲೆ ಎತ್ತಲಿಲ್ಲ. "ಒಳಗಿರೋದೆಲ್ಲ ಆ ಕಾಲದ್ದೇ ಶಶಿಯಣ್ಣ. ಒಂದು ಚೂರೂ ಎಸೀಬೇಡಿ."

ಈ ಮಾತನ್ನು ಅವಳು ಮುಂದೆ ಎಷ್ಟೋ ಸಲ ನೆನೆಸಿಕೊಂಡಳು. ಆಗ ತಲೆ ಎತ್ತಿದ್ದರೆ ಶಶಿಧರನ ಅಂಗೈಯಲ್ಲಿ ಹತ್ತು ಹನ್ನೆರಡು ಸುಟ್ಟು ಕಪ್ಪಾದ ಕಾಫಿ ಬೀಜಗಳು ಕಾಣುತ್ತಿದ್ದವು.

ಅವನು ಅವುಗಳ ಫೋಟೋ ತೆಗೆದು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಕೆಳಗೆ ಬರೆದ: "ನಮ್ಮ ತೋಟದ ಪಾಂಡವರ ಮನೆಯಲ್ಲಿ ಸಿಕ್ಕ ಕಾಫಿ. 3000 ವರ್ಷ. ಹಿಸ್ಟರಿ ಲೆಕ್ಚರರ್ ಕನ್‌ಫರ್ಮ್ ಮಾಡಿದ್ದಾರೆ." ಭಾನುವಾರ ಬೆಳಗಾಗುವಷ್ಟರಲ್ಲಿ ಆ ಚಿತ್ರ ಮಲ್ಲಂದೂರು ದಾಟಿ ಸಕಲೇಶಪುರದವರೆಗೆ ಹೋಗಿತ್ತು.

ಭಾನುವಾರ ಹತ್ತು ಗಂಟೆಗೆ ಜಯದೇವಪ್ಪ ಬಂದ. ಮೂಡಿಗೆರೆಯ ಪೇಟೆಯಲ್ಲಿ ಕಾಫಿ, ಮೆಣಸು, ಏಲಕ್ಕಿ ಕೊಳ್ಳುವ ಹಳೆಯ ವ್ಯಾಪಾರಿ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಜೇಬಿನಲ್ಲಿ ಎರಡು ಫೋನು. ಕಾಫಿ ನಾಡು ಪರಂಪರೆ ಸಮಿತಿ ಎಂಬುದಕ್ಕೆ ಅವನೇ ಅಧ್ಯಕ್ಷ. ಸಮಿತಿಯ ಬಳಿ ಇಲ್ಲಿಯವರೆಗೆ ಲೆಟರ್‌ಹೆಡ್ ಇತ್ತು, ಪರಂಪರೆ ಸಿಕ್ಕಿರಲಿಲ್ಲ.

"ಶಿವಾ ಶಿವಾ," ಎಂದು ಬೀಜವನ್ನು ಭೂತಗನ್ನಡಿಯಲ್ಲಿ ನೋಡಿದ. "ಶಶಿಧರಾ, ಇದು ಅರೇಬಿಕಾ ಕಣಯ್ಯಾ. ನೋಡು, ದುಂಡನೆ ಒಂಟಿ ಕಾಳು, ಪೀಬೆರಿನೂ ಒಂದಿದೆ. ಲೋಕದಲ್ಲಿ ಕಾಫಿ ಅಂದ್ರೆ ಏನು ಅಂತ ಗೊತ್ತಿಲ್ಲದ ಕಾಲದಲ್ಲಿ ನಮ್ಮೋರು ಗ್ರೇಡಿಂಗ್ ಮಾಡಿಟ್ಟಿದಾರೆ!"

"ಸಾಹುಕಾರ್ರೇ, ಸಕ್ಕರೆ ಹಾಕಿ ಕುಡೀತಿದ್ರೋ ಬೆಲ್ಲನೋ?" ಅಂದ ರವಿ.

"ನೀನು ಹಾಜರಿ ಬರಿ, ಹೋಗು."

ಜೆಸಿಬಿಗೆ ಬರಬೇಡ ಎಂದು ಹೇಳಿದರು. ಕಾಫಿಯ ಮೂಲಸ್ಥಾನದ ಮೇಲೆ ರಿಜಿಸ್ಟರ್ ಇಟ್ಟು ಅತಿಥಿಗಳ ಆಧಾರ್ ನಂಬರ್ ಬರೆದುಕೊಳ್ಳುವುದು ಶಶಿಧರನಿಗೂ ಸರಿ ಕಾಣಲಿಲ್ಲ. ಮೂಲಸ್ಥಾನವೇ ತೋಟದಲ್ಲಿದ್ದರೆ ಹೋಮ್‌ಸ್ಟೇಗೆ ಬೇರೆ ಟೇಬಲ್ ತರಬಹುದು.

ದಿವ್ಯಾಳಿಗೆ ಸುದ್ದಿ ತಿಳಿದದ್ದು ಸೋಮವಾರ, ಪತ್ರಿಕೆಯ ಜಿಲ್ಲಾ ಪುಟದಲ್ಲಿ. ಕಾಲೇಜಿಗೆ ರಜೆ ಬರೆದು ನೇರ ತೋಟಕ್ಕೆ ಬಂದಳು. ಗೌಡರು ಮನೆಯಲ್ಲಿರಲಿಲ್ಲ. ಕಲ್ಲಿನ ಹತ್ತಿರ ಮುತ್ತಮ್ಮ ಒಬ್ಬಳೇ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಮುತ್ತಮ್ಮನಿಗೆ ಅರವತ್ತೆರಡು. ಆ ತೋಟದಲ್ಲಿ ನಲವತ್ತಾರು ವರ್ಷದಿಂದ ಹಣ್ಣು ಕುಯ್ಯುತ್ತಿದ್ದಾಳೆ.

"ಟೀಚರಮ್ಮ, ಪೇಪರಲ್ಲಿ ನಿಮ್ಮೆಸ್ರು ಬಂದಿದೆಯಂತೆ. ಏನೋ ಹಳೇ ಕಾಫಿ ಅಂತೆ."

"ಬಂದಿದೆ ಮುತ್ತಮ್ಮ. ನೀವು ನೋಡಿದ್ರಾ ಆ ಬೀಜ?"

"ನೋಡಾಕೇನಿದೆ. ಕಬ್ಬೆಕ್ಕು ಹೇತದ್ದು."

ದಿವ್ಯಾ ಬಗ್ಗಿ ಕಿಂಡಿಯೊಳಗೆ ನೋಡಿದಳು. ಮುತ್ತಮ್ಮ ಅವಳಿಗೆ ಅರ್ಥವಾಗಲಿಲ್ಲವೆಂದುಕೊಂಡು ಬಿಡಿಸಿ ಹೇಳಿದಳು. ಪುನುಗಿನ ಜಾತಿಯ ಕಬ್ಬೆಕ್ಕು ಗಿಡದ ಒಳ್ಳೊಳ್ಳೆಯ ಹಣ್ಣನ್ನೇ ಆರಿಸಿ ತಿನ್ನುತ್ತದೆ. ತಿರುಳು ಕರಗುತ್ತದೆ, ಬೀಜ ಹಾಗೇ ಹಿಂದಿನಿಂದ ಬರುತ್ತದೆ. ಎಲ್ಲೆಂದರಲ್ಲಿ ಕೂರುವ ಪ್ರಾಣಿಯಲ್ಲ ಅದು. ಕಲ್ಲೋ ಮರದ ಬೊಡ್ಡೆಯೋ ನೋಡಿಕೊಂಡು ದಿನಾ ಅಲ್ಲೇ ಬರುತ್ತದೆ.

"ಈ ಕಿಂಡಿಗೆ ನಾನು ಪ್ರತಿ ಸುಗ್ಗೀಲೂ ಕೈ ಹಾಕ್ತೀನಿ. ಹೋದ್ವರ್ಷ ಅರ್ಧ ಸೇರು ಸಿಕ್ತು. ತೊಳ್ದು ಒಣಗ್ಸಿ ಹುರಿದ್ರೆ ಏನ್ ಘಮ ಅಂತೀರಿ! ಈ ವರ್ಷ ಸೊಂಟನೋವು, ಬಗ್ಗಾಕಾಗ್ಲಿಲ್ಲ. ಅಷ್ಟ್ರೊಳಗೆ ಇವ್ರು ಬೆಂಕಿ ಹಾಕಿ ಸುಟ್ರು. ಗೌಡ್ರಿಗೆ ಹೇಳ್ಳಾ?"

ದಿವ್ಯಾ ಕಲ್ಲಿನ ಮೇಲೆ ಕೈಯಿಟ್ಟಳು. ಬೀಜದ ನಿಜ ಹೊರಬಿದ್ದರೆ ಗುರುವಾರದೊಳಗೆ ಜೆಸಿಬಿ ಬರುತ್ತದೆ. ಇದು ಗೋರಿ ಎಂಬ ನಿಜವನ್ನು ಅವಳು ಒಂಬತ್ತು ವರ್ಷ ಹೇಳಿದ್ದಳು, ಅದರಿಂದ ಒಂದು ಕಲ್ಲೂ ಉಳಿದಿರಲಿಲ್ಲ. ಸುಳ್ಳು ಒಂದೇ ದಿನದಲ್ಲಿ ಉಳಿಸಿತ್ತು.

"ಬೇಡ ಮುತ್ತಮ್ಮ," ಅಂದಳು. "ಈಗ ಬೇಡ."

"ನಂಗೇನು," ಅಂದಳು ಮುತ್ತಮ್ಮ. "ಅವ್ರು ಅದನ್ನ ಹಣೆಗೆ ಹಚ್ಕೊಂಡ್ರೂ ನಂಗೇನು."

ಹಚ್ಚಿಕೊಳ್ಳುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಫೆಬ್ರವರಿ ಮೊದಲ ವಾರದಲ್ಲಿ ಕಲ್ಲಿನ ಸುತ್ತ ಬೇಲಿ ಬಂತು. ಬೇಲಿ ಬಂದ ಮೇಲೆ ಗೇಟು, ಗೇಟು ಬಂದ ಮೇಲೆ ಇಪ್ಪತ್ತು ರೂಪಾಯಿಯ ಟಿಕೆಟ್ಟು. ಬೀಜಗಳನ್ನು ಜಯದೇವಪ್ಪ ಒಂದು ಬೆಳ್ಳಿಯ ಕುಂಕುಮ ಭರಣಿಯಲ್ಲಿಟ್ಟು ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಗುರುಗಳ ಫೋಟೋದ ಕೆಳಗೆ ಇರಿಸಿದ. ಬೆಳಿಗ್ಗೆ ಊದುಬತ್ತಿ ಬೆಳಗುವಾಗ ಭರಣಿಗೂ ಒಂದು ಸುತ್ತು ತಪ್ಪುತ್ತಿರಲಿಲ್ಲ. ಮಡಕೆಯ ಚೂರುಗಳನ್ನು ಯಾರೂ ಕೇಳಲಿಲ್ಲ. ಅವು ದಿವ್ಯಾಳ ಬೀರುವಿನಲ್ಲಿ ಒಂದು ಶೂ ಡಬ್ಬಿಯಲ್ಲಿದ್ದವು.

ನೋಡಲು ಬಂದವರಿಗೆ ಏನಾದರೂ ತೋರಿಸಬೇಕಲ್ಲ. ಕಲ್ಲು ಸುಮ್ಮನಿರುತ್ತದೆ. ಹಾಗಾಗಿ ಸಮಿತಿ ಮುತ್ತಮ್ಮನಿಗೆ ಹಸಿರು ಸೀರೆ ಕೊಡಿಸಿ, ಕುಕ್ಕೆಯೊಂದನ್ನು ಸೊಂಟಕ್ಕೆ ಕಟ್ಟಿ, ಗೇಟಿನ ಪಕ್ಕ ಕೂರಿಸಿತು. ಆದಿಕಾಲದ ಕಾಫಿ ಜನರ ವಂಶದವಳು ಎಂದು ಜಯದೇವಪ್ಪ ಪರಿಚಯ ಮಾಡಿಕೊಟ್ಟ.

"ಸಾಹುಕಾರ್ರೇ, ನಾನು ಬೆಳ್ತಂಗಡಿ ಕಡೆಯೋಳು," ಅಂದಳು ಮುತ್ತಮ್ಮ. "ಎಪ್ಪತ್ತೊಂಬತ್ತರಲ್ಲಿ ಘಾಟಿ ಹತ್ತಿ ಬಂದದ್ದು. ಲಾರೀಲಿ."

"ಎಲ್ಲಾರೂ ಎಲ್ಲಿಂದನೋ ಬಂದೋರೇ ಕಣಮ್ಮ. ನೀನು ಲಾರಿ ಮಾತು ಮಾತ್ರ ಎತ್ತಬೇಡ."

ಕೂಲಿ ಮೊದಲಿನಷ್ಟೇ. ಆದರೆ ಜಿಗಣೆಯಿಲ್ಲ, ಗುಡ್ಡ ಹತ್ತುವುದಿಲ್ಲ. ಮುತ್ತಮ್ಮ ಮೂರು ಸಾವಿರ ವರ್ಷದ ವಂಶವನ್ನು ಒಪ್ಪಿಕೊಂಡಳು.

ಅದೇ ತಿಂಗಳು ದಿವ್ಯಾ ಮೊದಲ ವರ್ಷದ ಬಿ.ಎ. ತರಗತಿಯಲ್ಲಿ ನಾಗರಿಕತೆಗಳ ಉಗಮದ ಪಾಠ ಮಾಡುತ್ತಿದ್ದಳು. ಬೆಳೆ ಮಿಕ್ಕಿತು, ಮಿಕ್ಕಿದ್ದಕ್ಕೆ ಕಣಜ ಬಂತು, ಕಣಜಕ್ಕೆ ಕಾವಲು, ಕಾವಲಿಗೆ ಒಡೆಯ, ಒಡೆಯನಿಗೆ ಪೂಜಾರಿ, ಕೊನೆಗೆ ಇದೆಲ್ಲ ಸರಿಯೆಂದು ಬರೆದಿಡಲು ಲಿಪಿಕಾರ. ಕವನಾ ಎಂಬ ಹುಡುಗಿ ಎದ್ದು ನಿಂತಳು.

"ಮೇಡಂ, ಆಗಿನ ಜನಕ್ಕೆ ಇದು ಸುಳ್ಳು ಅಂತ ಗೊತ್ತಾಗ್ತಿರ್ಲಿಲ್ವಾ? ರಾಜ ಸೂರ್ಯನ ಮಗ ಅಂದ್ರೆ ನಂಬ್ತಿದ್ರಾ?"

"ಕೆಲವರಿಗೆ ಗೊತ್ತಿರುತ್ತಿತ್ತು," ಅಂದಳು ದಿವ್ಯಾ.

"ಮತ್ತೆ ಯಾಕೆ ಸುಮ್ನಿರ್ತಿದ್ರು?"

ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಮುಂದಿನ ಅಧ್ಯಾಯಕ್ಕೆ ಹೋದಳು.

ಮಾರ್ಚ್ ಎರಡನೆಯ ವಾರ, ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿದ್ದಾಗ, ಜಯದೇವಪ್ಪ ಅವಳನ್ನು ಅಂಗಡಿಗೆ ಕರೆಸಿಕೊಂಡ. ಕಲ್ಲಿನ ಮುಂದೆ ಒಂದು ಫಲಕ ಹಾಕಬೇಕು. ಬರಹ ಅವಳದ್ದೇ ಆಗಬೇಕು, ಕೆಳಗೆ ಹೆಸರು, ಪದವಿ, ಕಾಲೇಜು.

"ನಾನು ಬರೆದ್ರೆ ವ್ಯಾಪಾರಿ ಬರೆದ ಅಂತಾರೆ. ಶಶಿಧರ ಬರೆದ್ರೆ ತೋಟದೋನು ಅಂತಾರೆ. ನೀವು ಓದಿದೋರು."

"ನಾನು ಬರೀದೆ ಇದ್ರೆ?"

"ಬರೀದೆ ಇದ್ರೆ ಸಮಿತಿಯೋರು ಅನುಮಾನ ಪಡ್ತಾರೆ. ಅನುಮಾನ ಬಂತು ಅಂದ್ರೆ ಶಶಿಧರನ ಬುದ್ಧಿ ನಿಮಗೆ ಗೊತ್ತಲ್ಲ. ಆ ಟೇಬಲ್ ಆಸೆ ಅವನಿಗಿನ್ನೂ ಹೋಗಿಲ್ಲ."

ಅವನದು ಬೆದರಿಕೆಯಲ್ಲ, ಮಾಹಿತಿ. ದಿವ್ಯಾಳ ಬಳಿ ಇದ್ದದ್ದು ಎರಡೇ: ಒಂದು ಕಲ್ಲು, ಒಂದು ಹೆಸರು. ಹೆಸರು ಕೊಟ್ಟರೆ ಕಲ್ಲು ಉಳಿಯುತ್ತಿತ್ತು.

ಅವಳು ಎರಡು ದಿನ ತೆಗೆದುಕೊಂಡಳು. ಆರು ಹಾಳೆ ಹರಿದಳು. ಕೊನೆಗೆ ಎರಡು ವಾಕ್ಯಗಳು ನಿಂತವು:

"ಈ ಕಲ್ಲುಮನೆ ಎರಡೂವರೆಯಿಂದ ಮೂರು ಸಾವಿರ ವರ್ಷ ಹಳೆಯದು. ಇದರೊಳಗೆ ಕಾಫಿ ಬೀಜಗಳು ದೊರೆತಿವೆ."

ಎರಡೂ ನಿಜ. ಯಾವ ನ್ಯಾಯಾಲಯದಲ್ಲಿ ಬೇಕಾದರೂ ಓದಬಹುದು. ಸುಳ್ಳೇನಾದರೂ ಇದ್ದರೆ ಅದು ಎರಡು ವಾಕ್ಯಗಳ ನಡುವಿನ ಖಾಲಿ ಜಾಗದಲ್ಲಿತ್ತು, ಖಾಲಿ ಜಾಗಕ್ಕೆ ಯಾರೂ ಸಹಿ ಹಾಕುವುದಿಲ್ಲ. ಅವಳಿಗೆ ತನ್ನ ಜಾಣ್ಮೆಯ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಯಿತು. ಜಯದೇವಪ್ಪ ಓದಿ, "ಇನ್ನೂ ಸ್ವಲ್ಪ ಬಣ್ಣ ಇರಬಹುದಿತ್ತು," ಅಂದ. ಆದರೂ ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿ ಬಂಗಾರದ ಬಣ್ಣ ತುಂಬಿಸಿದ. ಯುಗಾದಿಯ ಹಿಂದಿನ ಭಾನುವಾರ ಫಲಕದ ಅನಾವರಣ ಆಯಿತು. ಉಪ್ಪಿಟ್ಟು, ಕೇಸರಿಬಾತು, ಕಾಫಿ.

ಅನಾವರಣಕ್ಕೆ ಸುತ್ತಲಿನ ನೂರೈವತ್ತು ಬೆಳೆಗಾರರು ಬಂದಿದ್ದರು. ಅವರಲ್ಲಿ ಕೆಲವರ ತೋಟಗಳಲ್ಲೂ ಅಂಥದೇ ಕಲ್ಲಿನ ಗೂಡುಗಳಿದ್ದವು ಎಂಬುದು ದಿವ್ಯಾಳಿಗೆ ಗೊತ್ತಿತ್ತು. ಟೇಪು ಹಿಡಿದವಳು ಅವಳೇ. ಅವರು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಫಲಕವನ್ನು ನಿಧಾನವಾಗಿ, ಎರಡೆರಡು ಸಲ ಓದಿದ್ದನ್ನೂ ಅವಳು ನೋಡಿದ್ದಳು. ತನ್ನ ವಾಕ್ಯವನ್ನು ಜನ ಇಷ್ಟು ಗಮನ ಕೊಟ್ಟು ಓದಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಮೊದಲ ಕಲ್ಲಿನ ಗೂಡು ಮಲ್ಲಂದೂರಿನ ಹತ್ತಿರ ಒಡೆಯಿತು. ಏಪ್ರಿಲ್ ನಾಲ್ಕಕ್ಕೆ ಒಬ್ಬ ಬೆಳೆಗಾರ ಕಾಲೇಜಿಗೇ ಬಂದು, ಸ್ಟಾಫ್ ರೂಮಿನ ಮೇಜಿನ ಮೇಲೆ ಗೊಬ್ಬರದ ಚೀಲ ಇಟ್ಟ.

"ಪೂರ್ತಿ ಎತ್ತಿಸಿ ಜರಡಿ ಹಿಡಿಸಿದೆ ಮೇಡಂ. ಕಾಫಿ ಒಂದು ಕಾಳೂ ಇಲ್ಲ. ಬರೀ ಮಡಕೆ ಚೂರು, ತುಕ್ಕು ಹಿಡಿದ ಕತ್ತಿ ತರದ್ದು, ಸ್ವಲ್ಪ ಕೆಂಪು ಮಣಿ. ನಮ್ಮಲ್ಲಿ ಇದ್ದೋರು ಕಾಫಿ ಕುಡೀತಿರ್ಲಿಲ್ವೋ ಏನೋ."

"ಎಲುಬು ಇತ್ತಾ?"

"ಇತ್ತು. ನಾಯಿಗಳು ಎಳ್ಕೊಂಡು ಹೋದ್ವು."

ಏಪ್ರಿಲ್ ಮುಗಿಯುವಷ್ಟರಲ್ಲಿ ಆರು ಒಡೆದಿದ್ದವು. ಮೇ ಮೊದಲ ವಾರಕ್ಕೆ ಎಂಟು. ಮೂರು ಸಾವಿರ ವರ್ಷ ಮಳೆ, ಬೇರು, ಕಾಡುಹಂದಿ, ಕಾಫಿ ಗುಂಡಿ ತೋಡುವವರು, ಇವೆಲ್ಲದರಿಂದ ಪಾರಾಗಿ ಬಂದಿದ್ದ ಗೋರಿಗಳು ಎರಡು ನಿಜವಾದ ವಾಕ್ಯಗಳಿಂದ ಪಾರಾಗಲಿಲ್ಲ. ಹನ್ನೊಂದರಲ್ಲಿ ಮೂರು ಉಳಿದವು. ಒಂದು ಶಶಿಧರನದು, ಬೇಲಿಯೊಳಗೆ. ಒಂದು ಮೀಸಲು ಅರಣ್ಯದಲ್ಲಿ. ಅಲ್ಲಿ ಕಾಡಾನೆಗಳಿದ್ದುದರಿಂದ ಜೆಸಿಬಿಯವರು ಒಪ್ಪಿರಲಿಲ್ಲ. ಇನ್ನೊಂದು ತುಂಗಮ್ಮ ಎಂಬ ಸಣ್ಣ ಬೆಳೆಗಾರ್ತಿಯ ಮನೆಯ ಹಿಂದೆ.

ದಿವ್ಯಾ ಜಯದೇವಪ್ಪನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಕಬ್ಬೆಕ್ಕು, ಕಡಜ, ಬೆಂಕಿ. ಫಲಕಕ್ಕೆ ಮೂರನೆಯ ವಾಕ್ಯವೊಂದನ್ನು ಸೇರಿಸಲೇಬೇಕು ಅಂದಳು. ಜಯದೇವಪ್ಪ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದ.

"ಅಮ್ಮಾ ತಾಯಿ, ಕಲ್ಲಲ್ಲಿ ನಿಮ್ಮ ಹೆಸರೇ ಇದೆ. ಕಲ್ಲಲ್ಲಿರೋದನ್ನ ನಂಬ್ಲಾ, ಈಗ ಬಾಯಲ್ಲಿ ಹೇಳೋದನ್ನ ನಂಬ್ಲಾ?"

"ಎರಡೂ ನಾನೇ ಹೇಳ್ತಿರೋದು."

"ಅದೇ ಮತ್ತೆ. ಕಲ್ಲಿನ ಮೇಲಿರೋ ದಿವ್ಯಾ ಮೇಡಂ ಮಾತು ಬದಲಾಯ್ಸಲ್ಲ." ಅವನ ಕಣ್ಣು ಬೆಳ್ಳಿಯ ಭರಣಿಯ ಕಡೆ ಹೋಗಿ ಬಂತು. "ಅದೂ ಅಲ್ದೆ, ಮೂರು ತಿಂಗಳಿಂದ ನಾನು ಊದುಬತ್ತಿ ಬೆಳಗಿದ್ದು ಏನಕ್ಕೆ ಅಂತ ಹೇಳ್ತಿದೀರಿ ಅನ್ನೋ ಗ್ಯಾನ ಇದೆಯಾ ನಿಮಗೆ?"

ತುಂಗಮ್ಮನ ಮಗ ಶಂಕರ ಗುರುವಾರಕ್ಕೆ ಜೆಸಿಬಿ ಗೊತ್ತುಮಾಡಿದ್ದಾನೆಂದು ಮುತ್ತಮ್ಮನೇ ಸುದ್ದಿ ತಂದಳು. ಟಿಕೆಟ್ಟಿಗೆ ಸೋಮವಾರ ರಜೆ. ಆ ಸೋಮವಾರ ದಿವ್ಯಾ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಬೀಜದ ಸಂಗತಿ ಕಣ್ಣಾರೆ ಕಂಡವಳು ಜೊತೆಗಿದ್ದರೆ ಒಳ್ಳೆಯದೆಂಬುದು ಅವಳ ಲೆಕ್ಕ.

ತುಂಗಮ್ಮನದು ಎರಡೂವರೆ ಎಕರೆ. ಮನೆಯ ಹಿಂದೆ, ಹಲಸಿನ ಮರದ ಆಚೆ, ಆ ಕಲ್ಲುಮನೆ. ಇಂಥ ಚಪ್ಪಟೆ ಜಾಗ ಬೇರೆ ಇಲ್ಲವಾದ್ದರಿಂದ ಮೇಲಿನ ಚಪ್ಪಡಿಯ ಮೇಲೆ ಮೆಣಸು ಹರಡಿತ್ತು. ತುಂಗಮ್ಮ ಅದರ ಮೇಲೆ ನಿಂತು ಮೆಣಸನ್ನು ಹಲಗೆಯಿಂದ ತಿರುವಿ ಹಾಕುತ್ತಿದ್ದಳು. ಶಂಕರ ಕೆಳಗೆ ಪಿಕಪ್ಪಿನ ಟೈರಿಗೆ ಗಾಳಿ ಹಾಕುತ್ತಿದ್ದ.

ದಿವ್ಯಾ ಕೆಳಗೆ ನಿಂತೇ ಹೇಳಿದಳು. ಈ ಸಲ ಒಂದೂ ಬಿಡಲಿಲ್ಲ. ತುಂಗಮ್ಮ ಪೂರ್ತಿ ಕೇಳಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

"ಕಬ್ಬೆಕ್ಕು," ಅಂದಳು.

"ಹೂಂ ತುಂಗಮ್ಮನವರೇ. ಬೇಕಾದ್ರೆ ಮುತ್ತಮ್ಮನ್ನ ಕೇಳಿ."

"ನಾನು ಯುಗಾದಿ ಹಿಂದಿನ ವಾರ ಬಂದಿದ್ನಲ್ಲ ಆ ಫಂಕ್ಷನ್ನಿಗೆ. ಬೋರ್ಡಲ್ಲಿ ಕಬ್ಬೆಕ್ಕು ಇರ್ಲಿಲ್ಲ."

"ನಾನು ಬರೀಲಿಲ್ಲ. ತಪ್ಪಾಯ್ತು."

"ಶಶಿಧರ ಗೌಡ್ರ ತೋಟದಲ್ಲಿ ಸಿಕ್ರೆ ಮೂರು ಸಾವಿರ ವರ್ಷ. ಎರಡೂವರೆ ಎಕರೆಯೋಳ ಮನೆ ಹಿಂದೆ ಸಿಗೋ ಟೈಮಿಗೆ ಬೆಕ್ಕಿನ ಹೇಲು. ಅಲ್ವಾ?" ತುಂಗಮ್ಮ ಹಲಗೆಯನ್ನು ಕುಟ್ಟಿ ಧೂಳು ಉದುರಿಸಿದಳು. "ಶಂಕರಾ, ಗುರುವಾರ ಬೆಳಿಗ್ಗೆ ಬೇಗ ಬರಕ್ಕೆ ಹೇಳೋ ಅವ್ನಿಗೆ."

ದಿವ್ಯಾಳ ಹಿಂದೆ ನಿಂತಿದ್ದ ಮುತ್ತಮ್ಮ ಎಲೆಯ ಕೆಂಪನ್ನು ಉಗಿದು ಮುಂದೆ ಬಂದಳು.

"ಅಲ್ಲಾ ತುಂಗಮ್ಮೋರೆ, ಚೌಡಿ ಕಲ್ಲಿನ ಮೇಲೆ ಹಿಂಗೆ ಹತ್ತಿ ನಿಂತಿದೀರಲ್ಲ, ಧೈರ್ಯ ಬಿಡಿ ನಿಮ್ದು."

"ಯಾವ ಚೌಡಿ?"

"ಯಾವ ಚೌಡಿ ಅಂತೆ! ತೋಟ ಕಾಯೋ ಚೌಡಿ. ಇಂಥ ಕಿಂಡಿ ಇರೋ ಕಲ್ಲಲ್ಲಲ್ವಾ ಅವ್ಳು ಇರೋದು."

"ಮೂವತ್ತು ವರ್ಷದಿಂದ ಇದ್ರ ಮೇಲೆ ಮೆಣಸು ಒಣಗಿಸ್ತಿದೀನಿ. ಒಂದಿನ ಚೌಡಿ ಗೊಣಗಿಲ್ಲ."

"ಗೊಣಗಿಲ್ಲ. ಹೋದ್ವರ್ಷ ನಿಮ್ಮ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ಎಷ್ಟು ಹೋಯ್ತು?"

ತುಂಗಮ್ಮನ ಕೈ ನಿಂತಿತು. "ನಲವತ್ತು ಬಳ್ಳಿ."

"ಮೆಣಸು ಒಣಗಿಸಿದ್ದಕ್ಕೆ ನಲವತ್ತು. ಇನ್ನು ಮನೆ ಕಿತ್ತು ಜರಡಿ ಹಿಡಿದ್ರೆ?" ಮುತ್ತಮ್ಮ ಕೈ ತಿರುವಿದಳು. "ನಂಗೇನು. ನಾನು ಘಾಟಿ ಕೆಳಗಿನೋಳು."

ಗಾಳಿ ಹಾಕುವುದು ನಿಂತಿತ್ತು. ಶಂಕರ ಅಮ್ಮನ ಮುಖ ನೋಡಿದ. ತುಂಗಮ್ಮ ದಿವ್ಯಾಳ ಮುಖ ನೋಡಿದಳು.

"ಇವ್ಳ ಮಾತು ಬಿಡು. ನೀನು ಓದಿದೋಳು. ಚೌಡಿ ಇದಾಳಾ ಇಲ್ವಾ, ನೀನು ಹೇಳು."

ಹಲಸಿನ ಮರದಿಂದ ಒಂದು ಎಲೆ ಮೆಣಸಿನ ಮೇಲೆ ಬಿತ್ತು. ಇಲ್ಲ ಅಂದರೆ ಗುರುವಾರ ಜೆಸಿಬಿ. ಒಂದು ಗೊಬ್ಬರದ ಚೀಲ, ಒಂದಿಷ್ಟು ನಾಯಿಗಳು. ನಿಜ ಹೇಳಲೆಂದೇ ಹೊರಟು ಬಂದವಳು ಅವಳು. ನಿಜವನ್ನು ಹೇಳಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

"ಇದಾಳೆ," ಅಂದಳು ದಿವ್ಯಾ.

"ಪುಸ್ತಕದಲ್ಲಿದೆಯಾ?"

"ಇದೆ."

"ಏನ್ ಕೇಳ್ತಾಳಂತೆ?"

"ಸುತ್ತ ಅಗೀಬಾರದು ಅಂತಾಳೆ. ಕಲ್ಲು ಕದಲಿಸಬಾರದು."

"ಸುತ್ತ ಅಂದ್ರೆ ಎಷ್ಟು?"

ದಿವ್ಯಾಳಿಗೆ ಬಾಯಿಗೆ ಬಂದದ್ದು ಸಂರಕ್ಷಿತ ಸ್ಮಾರಕಗಳ ಕಾಯಿದೆ. "ನೂರು ಮೀಟರ್."

"ನೂರು ಮೀಟರಾ!" ತುಂಗಮ್ಮ ಸುತ್ತ ಒಮ್ಮೆ ತಿರುಗಿದಳು. "ನಮ್ಮ ಮನೆ, ಕೊಟ್ಟಿಗೆ, ಬಾವಿ, ತೋಟ ಎಲ್ಲ ಸೇರಿ ಪಕ್ಕದೋರ ಗದ್ದೆವರೆಗೂ ಅವ್ಳದೇ ಆಯ್ತಲ್ಲೇ ಮಾರಾಯ್ತಿ. ನಾವೆಲ್ಲಿಗೆ ಹೋಗಣ? ಇಷ್ಟು ಆಸೆಬುರುಕ ಚೌಡಿ ನಾನು ಕಂಡಿಲ್ಲ."

"ಐವತ್ತು."

"ಐದು ಮಾರು."

"ಹತ್ತು ಮಾರು," ಅಂದ ಶಂಕರ. ಅವನ ದನಿ ತಗ್ಗಿತ್ತು. "ಹತ್ತು ಕೊಡಮ್ಮ. ಆ ಕಡೆ ಹೆಂಗೂ ಬರೀ ಕಲ್ಲು."

"ಹತ್ತು," ಎಂದು ದಿವ್ಯಾ ಒಪ್ಪಿದಳು. ನೋಟ್‌ಬುಕ್ಕು ತೆಗೆಯಲು ಹೋದ ಕೈಯನ್ನು ಅರ್ಧಕ್ಕೇ ತಡೆದಳು.

"ಮೆಣಸು ಒಣಗಿಸಬೋದಾ?" ತುಂಗಮ್ಮ ಕೇಳಿದಳು. ಅವಳ ಮಾತಿನಲ್ಲಿ ಮೊದಲಿನ ಗಡಸು ಇರಲಿಲ್ಲ. ಇನ್ನೊಬ್ಬರ ಮನೆಯ ಅಂಗಳದಲ್ಲಿ ನಿಂತವಳ ಹಾಗೆ ಕೇಳಿದಳು.

ಚಪ್ಪಡಿಯ ದಪ್ಪ ಹತ್ತು ಇಂಚು, ದಿವ್ಯಾ ಅಳೆದಿದ್ದಳು. ಮೆಣಸಿನಿಂದ ಅದಕ್ಕೇನೂ ಆಗುವುದಿಲ್ಲ.

"ಒಣಗಿಸಬಹುದು," ಅಂದಳು. "ಚಪ್ಪಲಿ ಬಿಟ್ಟು ಹತ್ತಬೇಕು."

ಚಪ್ಪಲಿಯ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಕಲ್ಲು ಉಳಿಯಲು ಅದು ಬೇಕಿರಲಿಲ್ಲ. ಆದರೆ ತುಂಗಮ್ಮ ಆಗಲೇ ಬಗ್ಗಿ ಹವಾಯಿ ಚಪ್ಪಲಿ ಕಳಚಿ ಕೆಳಗೆ ಎಸೆದು, ಬರಿಗಾಲಲ್ಲಿ ಕಲ್ಲಿನ ಅಂಚಿಗೆ ಬಂದು ನಿಂತಿದ್ದಳು.

"ಪೂಜೆಗೆ ವಾರ ಯಾವುದು ಅವ್ಳಿಗೆ?" ಅಂದಳು. "ಮಂಗಳವಾರವೋ ಶುಕ್ರವಾರವೋ? ಅದೂ ನೀನೇ ಹೇಳ್ಬಿಡು ಮಗಾ, ಆಮೇಲೆ ಹೆಚ್ಚುಕಮ್ಮಿ ಆಗೋದು ಬೇಡ."